ಹಳಿಯ ಮೇಲಿನ ಸಾವು: ಲೆಕ್ಕಕ್ಕೆ ಸಿಕ್ಕಿದ್ದು, ಸಿಗದೆ ಉಳಿದದ್ದು

ಮಳೆಗಾಲ ಬಂತೆಂದರೆ ಪುತ್ತೂರು, ಸುಳ್ಯ, ಕಡಬ ಸೀಮೆಯ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: “ಘಾಟಿಯಲ್ಲಿ ರೈಲು ಓಡುತ್ತಿದೆಯೇ?” ಬೆಂಗಳೂರಿನಲ್ಲಿ ಓದುವ ಮಗಳು, ಅಲ್ಲಿ ಉದ್ಯೋಗದಲ್ಲಿರುವ ಮಗ ಊರಿಗೆ ಬರುವುದು ಸುಬ್ರಹ್ಮಣ್ಯ ರೋಡ್ ಮತ್ತು ಸಕಲೇಶಪುರಗಳ ನಡುವಿನ ಸುಮಾರು 55 ಕಿಲೋಮೀಟರ್ ಉದ್ದದ ಆ ಘಾಟಿಯ ಮೂಲಕ. 57 ಸುರಂಗಗಳು, ನೂರಕ್ಕೂ ಮಿಕ್ಕಿದ ಸೇತುವೆಗಳು, 50 ಅಡಿ ಮುಂದೆ ಸಾಗಿದರೆ ಒಂದು ಅಡಿ ಮೇಲೇರುವ ಕಡಿದಾದ ದಾರಿ ಅದು. 2018ರ ಆಗಸ್ಟಿನಲ್ಲಿ ಅಲ್ಲಿ ಗುಡ್ಡಗಳು ಕುಸಿದು ವಾರಗಟ್ಟಲೆ ಸಂಚಾರ ನಿಂತಿತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಗಳ ನಡುವೆ ಹಳಿಯ ಕೆಳಗಿನ ಮಣ್ಣೇ ಜರಿದು ಸುಮಾರು ಎರಡು ವಾರ ಪ್ರಯಾಣಿಕರ ರೈಲುಗಳು ರದ್ದಾದವು. ಎರಡು ಸಂದರ್ಭಗಳಲ್ಲೂ ಪ್ರಯಾಣಿಕರ ರೈಲು ಮಣ್ಣಿನಡಿ ಸಿಲುಕಲಿಲ್ಲ ಎಂಬುದು ಸಮಾಧಾನದ ಸಂಗತಿ.

ಎಲ್ಲ ಸಲವೂ ಹೀಗಾಗಲಿಲ್ಲ. 2001ರ ಜೂನ್ 22ರಂದು ಮಂಗಳೂರಿನಿಂದ ಹೊರಟ ಚೆನ್ನೈ ಮೈಲ್ ಕೇರಳದ ಕಡಲುಂಡಿ ಹೊಳೆಗೆ ಉರುಳಿ 50ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಸರಿಯಾಗಿ ಎರಡು ವರ್ಷಗಳ ಬಳಿಕ, ಅದೇ ಜೂನ್ 22ರಂದು, ಕಾರವಾರದಿಂದ ಮುಂಬಯಿಗೆ ಸಾಗುತ್ತಿದ್ದ ವಿಶೇಷ ರೈಲು ವೈಭವವಾಡಿಯ ಬಳಿ ಹಳಿ ತಪ್ಪಿ ಅಷ್ಟೇ ಪ್ರಾಣಗಳು ಹೋದವು. 2004ರ ಜೂನ್ 16ರಂದು ನಮ್ಮವರೇ ತುಂಬಿರುತ್ತಿದ್ದ ಮತ್ಸ್ಯಗಂಧ ಎಕ್ಸ್‌ಪ್ರೆಸ್, ಹಳಿಗೆ ಉರುಳಿದ ಬಂಡೆಗಳಿಗೆ ಬಡಿದು ಮಹಾರಾಷ್ಟ್ರದಲ್ಲಿ ಸೇತುವೆಯಿಂದ ಕೆಳಗೆ ಬಿತ್ತು. ಸುಮಾರು 20 ಮಂದಿ ತೀರಿಕೊಂಡರು. ಮುಂಬಯಿಯ ದುಡಿಮೆಯನ್ನು ನಂಬಿ ಬಾಳಿದ ಕರಾವಳಿಯ ಕುಟುಂಬಗಳು ಆ ಜೂನ್ ತಿಂಗಳುಗಳನ್ನು ಸುಲಭವಾಗಿ ಮರೆಯಲಾರವು.

ಇಂದಿನ ಸ್ಥಿತಿ ಹೇಗಿದೆ? ರೈಲ್ವೆ ಇಲಾಖೆಯ ಲೆಕ್ಕದಂತೆ 2004ರಿಂದ 2014ರವರೆಗಿನ ದಶಕದಲ್ಲಿ ವರ್ಷಕ್ಕೆ ಸರಾಸರಿ 171 ಗಂಭೀರ ರೈಲು ಅಪಘಾತಗಳು ಸಂಭವಿಸಿದ್ದವು. 2014-15ರಲ್ಲಿ ಈ ಸಂಖ್ಯೆ 135ಕ್ಕೂ, 2023-24ರಲ್ಲಿ 40ಕ್ಕೂ, 2024-25ರಲ್ಲಿ 31ಕ್ಕೂ ಇಳಿಯಿತು. ಇದು ಅಲ್ಪ ಸಾಧನೆಯಲ್ಲ. ಬ್ರಾಡ್‌ಗೇಜ್ ಮಾರ್ಗಗಳಲ್ಲಿದ್ದ ಕಾವಲುಗಾರರಿಲ್ಲದ ಗೇಟುಗಳನ್ನೆಲ್ಲ 2019ರ ಜನವರಿಯೊಳಗೆ ತೆಗೆದುಹಾಕಿದ್ದೂ ಇದಕ್ಕೆ ನೆರವಾಯಿತು. ಮೆಚ್ಚಬೇಕಾದುದನ್ನು ಮೆಚ್ಚುವುದು ನ್ಯಾಯ.

ಆದರೆ ಅಂಕಿ ಅಂಶಗಳನ್ನು ಓದುವಾಗ ಅವು ಏನನ್ನು ಎಣಿಸುತ್ತವೆ, ಏನನ್ನು ಎಣಿಸುವುದಿಲ್ಲ ಎಂದು ಕೇಳುವುದೂ ಅಗತ್ಯ. 2023-24ರ ಆ 40 ಅಪಘಾತಗಳಲ್ಲಿ ಒಡಿಶಾದ ಬಾಲಸೋರ್ ದುರಂತ ಕೇವಲ ‘ಒಂದು’. ಆ ಒಂದರಲ್ಲಿ 290ಕ್ಕೂ ಹೆಚ್ಚು ಜನ ಮಡಿದರು. ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ರೈಲೂ ಅದರಲ್ಲಿ ಸಿಲುಕಿತ್ತು. ಅಪಘಾತಗಳ ಸಂಖ್ಯೆ ಇಳಿದ ಮಾತ್ರಕ್ಕೆ ಶೋಕವೂ ಅದೇ ಪ್ರಮಾಣದಲ್ಲಿ ಇಳಿಯಿತೆನ್ನಲಾಗದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕವಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ ವರದಿಯಂತೆ 2022ರಲ್ಲಿ ರೈಲಿಗೆ ಸಂಬಂಧಿಸಿದ ಅವಘಡಗಳಲ್ಲಿ ಮೃತಪಟ್ಟವರು 20,792 ಮಂದಿ. ಒಂದೆಡೆ ವರ್ಷಕ್ಕೆ ಕೆಲವೇ ಹತ್ತು ಅಪಘಾತಗಳು, ಇನ್ನೊಂದೆಡೆ 20 ಸಾವಿರಕ್ಕೂ ಮಿಕ್ಕಿದ ಸಾವುಗಳು! ಎರಡೂ ಸುಳ್ಳಲ್ಲ. ರೈಲ್ವೆ ಇಲಾಖೆ ಎಣಿಸುವುದು ರೈಲಿಗೆ ಆದ ಅಪಘಾತವನ್ನು. ಬ್ಯೂರೋ ಎಣಿಸುವುದು ಮನುಷ್ಯನಿಗೆ ಆದ ಸಾವನ್ನು. ಆ ಮೃತರಲ್ಲಿ ಬಹುಪಾಲು ಮಂದಿ ಚಲಿಸುವ ರೈಲಿನಿಂದ ಬಿದ್ದವರು, ಇಲ್ಲವೇ ಹಳಿಯ ಮೇಲೆ ರೈಲಿಗೆ ಸಿಲುಕಿದವರು. ಕಾನೂನಿನ ಕಣ್ಣಿನಲ್ಲಿ ಹಳಿ ದಾಟುವವನು ಅತಿಕ್ರಮಿ. 1989ರ ರೈಲ್ವೆ ಕಾಯಿದೆಯಂತೆ ಅದು ಶಿಕ್ಷಾರ್ಹ. ಹೀಗಾಗಿ ಅವನ ಸಾವು ‘ರೈಲು ಅಪಘಾತ’ದ ಪಟ್ಟಿಗೆ ಸೇರುವುದಿಲ್ಲ. 2012ರಲ್ಲಿ ವರದಿ ನೀಡಿದ ಡಾ. ಅನಿಲ್ ಕಾಕೋಡ್ಕರ್ ಸಮಿತಿಯು ವರ್ಷಕ್ಕೆ ಸುಮಾರು 15 ಸಾವಿರ ಮಂದಿ ಹೀಗೆ ಸಾಯುತ್ತಿರುವುದನ್ನು ಹತ್ಯಾಕಾಂಡವೆಂದೇ ಕರೆದು, ನಾಗರಿಕ ಸಮಾಜ ಇದನ್ನು ಒಪ್ಪಲಾಗದೆಂದು ಎಚ್ಚರಿಸಿತ್ತು.

ಕಾರಣಗಳ ವಿಚಾರಕ್ಕೆ ಬರೋಣ. ಪ್ರತಿ ದುರಂತದ ಮರುದಿನ ‘ಮಾನವ ದೋಷ’ ಎಂಬ ಮಾತು ಕೇಳಿಬರುತ್ತದೆ. ತತ್ತ್ವಶಾಸ್ತ್ರದ ಪ್ರಾಥಮಿಕ ಪಾಠಗಳಲ್ಲಿ ನಾವು ಕಲಿತ ಒಂದು ಭೇದ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ: ಸಮೀಪದ ಕಾರಣ ಬೇರೆ, ದೂರದ ಕಾರಣ ಬೇರೆ. ಬಾಲಸೋರ್‌ನಲ್ಲಿ ಚಾಲಕನಿಗೆ ಹಸಿರು ದೀಪವೇ ಕಂಡಿತ್ತು. ರೈಲು ಮಾತ್ರ ಪಕ್ಕದ ಹಳಿಗೆ ನುಗ್ಗಿ ನಿಂತಿದ್ದ ಸರಕು ರೈಲಿಗೆ ಅಪ್ಪಳಿಸಿತು. ಸಿಗ್ನಲ್ ತಂತಿಗಳ ಜೋಡಣೆಯಲ್ಲಿ ಹಿಂದೆಯೇ ಆಗಿದ್ದ ತಪ್ಪು ತಿದ್ದಲ್ಪಡದೆ ಉಳಿದಿತ್ತೆಂದು ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ತೋರಿಸಿತು. ಕೊನೆಯ ಕ್ಷಣದ ಕೈಯೊಂದನ್ನು ಹಿಡಿದು ಶಿಕ್ಷಿಸಿದರೆ, ಅದರ ಹಿಂದಿನ ಅಲಕ್ಷ್ಯದ ಸರಪಣಿ ಹಾಗೆಯೇ ಉಳಿದುಬಿಡುತ್ತದೆ.

ಮಹಾಲೇಖಪಾಲರು 2022ರಲ್ಲಿ ಸಲ್ಲಿಸಿದ ವರದಿಯೂ ಇದನ್ನೇ ಹೇಳುತ್ತದೆ. 2017ರಿಂದ 2021ರವರೆಗಿನ 217 ಗಂಭೀರ ಅಪಘಾತಗಳಲ್ಲಿ 163, ಅಂದರೆ ನಾಲ್ಕರಲ್ಲಿ ಮೂರು ಪಾಲು, ಹಳಿ ತಪ್ಪಿದ ಪ್ರಕರಣಗಳು. ಹಳಿ ತಪ್ಪಿದ್ದರ ಬಗ್ಗೆ ನಡೆದ ತನಿಖೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸಿಕೊಂಡ ಕಾರಣ ಹಳಿಗಳ ನಿರ್ವಹಣೆಯ ಕೊರತೆ. ಹಳಿಯ ಸ್ಥಿತಿಯನ್ನು ಅಳೆಯುವ ವಿಶೇಷ ಗಾಡಿಗಳ ತಪಾಸಣೆ ನಿಗದಿಗಿಂತ ಶೇಕಡಾ 30ರಿಂದ 100ರಷ್ಟು ಕಡಿಮೆಯಾಗಿತ್ತು. ಕೆಲವೆಡೆ ತಪಾಸಣೆಯೇ ನಡೆದಿರಲಿಲ್ಲ ಎಂದಲ್ಲವೇ ಇದರ ಅರ್ಥ? ಹೊಸ ರೈಲಿಗೆ ಬಾವುಟ ತೋರಿಸುವಾಗ ಸೇರುವ ಜನಸಂದಣಿ ಹಳೆಯ ಹಳಿಯ ಬೋಲ್ಟು ಬಿಗಿಯುವವನ ಸುತ್ತ ಸೇರುವುದಿಲ್ಲ. ನಮ್ಮ ಜೀವ ನಿಂತಿರುವುದು ಮಾತ್ರ ಆ ಬೋಲ್ಟಿನ ಮೇಲೆ.

ಮರಣದ ಮನೆಗಳಿಗೆ ಹೋದಾಗ ನಾವು ಇನ್ನೊಂದು ಮಾತನ್ನೂ ಕೇಳುತ್ತೇವೆ: “ದೇವರ ಚಿತ್ತ, ಫಾದರ್.” ದುಃಖಿತರ ಬಾಯಲ್ಲಿ ಅದು ವಿಶ್ವಾಸದ ಮಾತು, ಅದನ್ನು ಗೌರವಿಸುತ್ತೇವೆ. ಆದರೆ ಹೊಣೆಗಾರರ ಬಾಯಲ್ಲಿ ಅದೇ ಮಾತು ನುಣುಚಿಕೊಳ್ಳುವ ದಾರಿಯಾಗುತ್ತದೆ. ಸಂತ ಲೂಕರ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಸಿಲೋವಾಮಿನ ಗೋಪುರ ಕುಸಿದು 18 ಮಂದಿ ಸತ್ತ ಪ್ರಸ್ತಾಪವಿದೆ. ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳಾಗಿದ್ದರೆಂಬ ಎಣಿಕೆಯನ್ನು ಯೇಸುಸ್ವಾಮಿ ಒಪ್ಪಲಿಲ್ಲ; ಬದಲಾಗಿ ಕೇಳುತ್ತಿದ್ದವರ ಮನಃಪರಿವರ್ತನೆಯನ್ನು ಬಯಸಿದರು. ಅಪಘಾತವು ಸತ್ತವರ ಮೇಲಿನ ತೀರ್ಪಲ್ಲ, ಬದುಕಿರುವವರಿಗೆ ಎಚ್ಚರಿಕೆ ಎಂಬುದು ಇದರಿಂದ ಸ್ಪಷ್ಟ. ಬಲಿಪೂಜೆಯ ಆರಂಭದಲ್ಲಿ ನಾವು ಮಾಡಿದ ಕೆಡುಕನ್ನು ಮಾತ್ರವಲ್ಲ, ಮಾಡದೆ ಬಿಟ್ಟ ಕರ್ತವ್ಯವನ್ನೂ ಪಾಪವೆಂದು ಒಪ್ಪಿಕೊಳ್ಳುತ್ತೇವಲ್ಲವೇ? ನಡೆಯದ ತಪಾಸಣೆ ಆ ಜಾತಿಯ ಪಾಪ.

ಹಾಗೆಂದು ದೆಹಲಿಯತ್ತ ಬೆರಳು ತೋರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಕಬಕ ಪುತ್ತೂರಿನಿಂದ ನರಿಮೊಗರು, ಕಾಣಿಯೂರು, ಎಡಮಂಗಲ, ಕೋಡಿಂಬಾಳಗಳ ಮೂಲಕ ನೆಟ್ಟಣದವರೆಗೆ ಹಳಿಗಳು ನಮ್ಮ ತೋಟ, ಗದ್ದೆ, ಶಾಲೆಯ ದಾರಿಗಳ ನಡುವೆಯೇ ಹಾದುಹೋಗಿವೆ. ಐದು ನಿಮಿಷ ಉಳಿಸಲು ಹಳಿ ದಾಟುವವರು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಹಳಿಗುಂಟ ನಡೆಯುವ ಯುವಕರು, ರೈಲು ನಿಲ್ಲುವ ಮೊದಲೇ ಬಾಗಿಲಿನಿಂದ ಜಿಗಿಯುವವರು ನಮ್ಮ ಮನೆಗಳಲ್ಲೇ ಇದ್ದಾರೆ. ‘ಕವಚ್’ ಎಂಬ ಹೊಸ ವ್ಯವಸ್ಥೆ ಎರಡು ರೈಲುಗಳ ಡಿಕ್ಕಿಯನ್ನು ತಡೆಯಬಲ್ಲದು. ಹಳಿ ದಾಟುವ ಹುಡುಗನನ್ನು ತಡೆಯಲಾರದು. ಅದು ತಾಯಿತಂದೆಯರ ಕೆಲಸ. ಜನ ದಿನವೂ ದಾಟಲೇಬೇಕಾದ ಕಡೆ ಕಾಲುಸೇತುವೆಯನ್ನೋ ಕೆಳಸೇತುವೆಯನ್ನೋ ಕೇಳಿ ಪಡೆಯುವುದು ಊರಿನವರೆಲ್ಲರ ಕೆಲಸ. ಮನವಿಗೆ ಸಹಿ ಹಾಕುವಾಗ ಇಗರ್ಜಿ, ದೇವಸ್ಥಾನ, ಮಸೀದಿ ಎಂಬ ಭೇದ ಬೇಡ. ರೈಲು ಯಾರ ಜಾತಿಯನ್ನೂ ಕೇಳುವುದಿಲ್ಲ.

2023ರ ಮಾರ್ಚಿನಲ್ಲಿ ಮಂಗಳೂರಿನ ಪಚ್ಚನಾಡಿ ಸಮೀಪ ಹಳಿಯ ಮೇಲೆ ಮರವೊಂದು ಬಿದ್ದಿತ್ತು. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬರುವ ಹೊತ್ತು. ಅದನ್ನು ಕಂಡ ಎಪ್ಪತ್ತರ ಪ್ರಾಯದ ತಾಯಿಯೊಬ್ಬರು ಕೆಂಪು ಬಟ್ಟೆಯೊಂದನ್ನು ಹಿಡಿದು ಹಳಿಯತ್ತ ಓಡಿ, ಅದನ್ನು ಬೀಸಿ ರೈಲನ್ನು ನಿಲ್ಲಿಸಿದರು. ಆ ದಿನ ಏನೂ ಆಗಲಿಲ್ಲ. ಆದುದರಿಂದ ಯಾವ ಅಪಘಾತದ ಪಟ್ಟಿಯಲ್ಲೂ ಅದು ಸೇರಲಿಲ್ಲ. ಮಳೆಯ ರಾತ್ರಿಗಳಲ್ಲಿ ಟಾರ್ಚು ಹಿಡಿದು ಘಾಟಿಯ ಹಳಿಗುಂಟ ನಡೆಯುವ ಕಾವಲುಗಾರರ ಶ್ರಮವೂ ಹೀಗೆಯೇ ಲೆಕ್ಕಕ್ಕೆ ಸಿಗುವುದಿಲ್ಲ. ಈ ಮಳೆಗಾಲದಲ್ಲಿ ಮನೆಯ ಸಂಜೆಯ ಜಪಸರದಲ್ಲಿ ಪ್ರಯಾಣಿಕರಿಗಾಗಿ ಪ್ರಾರ್ಥಿಸುವಾಗ ಅವರನ್ನೂ ನೆನೆಯೋಣ. ಮರುದಿನ ಹಳಿಯ ಬಳಿ ಬಂದಾಗ ಒಂದು ಕ್ಷಣ ನಿಂತು, ಎಡಬಲ ನೋಡೋಣ.