ಚುಟ್ಟಿಯಿಟ್ಟವನ ಹೆಸರು

ಮುಖಕ್ಕೆ ಬಣ್ಣ ಬರೆಯುವುದು ಕಲೆಯೇ, ಬರಿಯ ಅಲಂಕಾರವೇ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಹೊಸದಾಗಿ ಎತ್ತಬೇಕಾದ ಅಗತ್ಯವಿಲ್ಲ. ಭರತನ ನಾಟ್ಯಶಾಸ್ತ್ರವು ಆಹಾರ್ಯಾಭಿನಯವನ್ನು ವಿವರಿಸುವಾಗ ಪುಸ್ತ, ಅಲಂಕಾರ, ಅಂಗರಚನೆ, ಸಂಜೀವ ಎಂದು ನೇಪಥ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಒಡವೆ ವಸ್ತ್ರಗಳ ಅಲಂಕಾರವೇ ಬೇರೆ, ಮೈಗೂ ಮುಖಕ್ಕೂ ಬಣ್ಣವಿಡುವ ಅಂಗರಚನೆಯೇ ಬೇರೆ ಎಂಬ ವಿವೇಕ ಅಂದಿಗೇ ಇದ್ದಿತು. ಬಣ್ಣವಿಟ್ಟ ಆ ಮುಖವನ್ನು ಕ್ಯಾಮರಾ ಹಿಡಿದಾಗ ಹುಟ್ಟುವ ಚಿತ್ರ ಯಾರ ಕೃತಿ ಎಂಬುದೇ ಈಗ ವಿಚಾರಮಾಡಬೇಕಾದ ಸಂಗತಿ.

ತೆಂಕುತಿಟ್ಟಿನ ಯಕ್ಷಗಾನದ ಬಣ್ಣದ ವೇಷವನ್ನೇ ತೆಗೆದುಕೊಳ್ಳೋಣ. ರಾವಣ, ಕುಂಭಕರ್ಣ, ಮಹಿಷಾಸುರ, ಶೂರ್ಪನಖಿ ಮೊದಲಾದ ಪಾತ್ರಗಳಿಗಾಗಿ ಕಲಾವಿದನು ಚೌಕಿಯಲ್ಲಿ ಕನ್ನಡಿ ಹಿಡಿದು ಗಂಟೆಗಟ್ಟಲೆ ಕುಳಿತುಕೊಳ್ಳುತ್ತಾನೆ. ಅಕ್ಕಿಹಿಟ್ಟನ್ನೂ ಸುಣ್ಣವನ್ನೂ ಹದವಾಗಿ ಕಲಸಿ, ಕಡ್ಡಿಯ ತುದಿಯಿಂದ ಹನಿಹನಿಯಾಗಿ ಇಟ್ಟು, ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದನ್ನಿಟ್ಟು ಮುಳ್ಳುಗಳನ್ನು ಎಬ್ಬಿಸುತ್ತಾನೆ. ಇದೇ ಚುಟ್ಟಿ. ಹದ ತಪ್ಪಿದರೆ ಮುಳ್ಳು ನಿಲ್ಲದು. ನಿಂತರೂ ಕುಣಿತದ ಬೆವರಿಗೆ ಉದುರೀತು. ನೆರೆಯ ಕಥಕಳಿಯಲ್ಲಿ ಚುಟ್ಟಿಯಿಡುವುದಕ್ಕೆಂದೇ ಬೇರೊಬ್ಬ ನಿಪುಣನಿರುತ್ತಾನೆ, ನಟನು ಮಲಗಿರುತ್ತಾನೆ. ನಮ್ಮ ಯಕ್ಷಗಾನದಲ್ಲಿಯಾದರೋ ಬರೆಯುವ ಕೈಯೂ ಬರೆಸಿಕೊಳ್ಳುವ ಮುಖವೂ ಒಬ್ಬನವೇ. ಚಿತ್ರಕಾರನೂ ಚಿತ್ರಪಟವೂ ಒಂದೇ ಆದ ಇಂತಹ ಕಲೆ ಲೋಕದಲ್ಲಿ ಹೆಚ್ಚಿಲ್ಲ. ಬಣ್ಣದ ಮಾಲಿಂಗನಂತಹವರಿಗೆ ಆ ಬಣ್ಣವೇ ಹೆಸರಿನ ಮುಂದೆ ಬಂದು ನಿಂತಿತು. ಪಂಡಿತರಿಗೆ ಸಿಗುವ ಬಿರುದುಗಳಿಗಿಂತ ಇದು ಹೆಚ್ಚಿನದೆಂದು ನನಗೆ ತೋರುತ್ತದೆ.

ಆ ಮುಳ್ಳುಗಳನ್ನು ಎಬ್ಬಿಸಿದ್ದು ಯಾವ ಬೆಳಕಿಗಾಗಿ ಎಂಬುದನ್ನು ಚಿತ್ರ ಹಿಡಿಯುವವರು ಬಹುಮಟ್ಟಿಗೆ ಮರೆತಿದ್ದಾರೆ. ಅವು ಹುಟ್ಟಿದುದು ದೀವಟಿಗೆಗಾಗಿ. ಬೆಂಕಿಯ ಬೆಳಕು ಕೆಂಪನ್ನು ಉರಿಸುತ್ತದೆ, ನೀಲಿಯನ್ನೂ ಹಸುರನ್ನೂ ಕತ್ತಲಿಗೆ ತಳ್ಳುತ್ತದೆ. ಬದಿಯಿಂದ ಬೀಳುವ ಕಾರಣ ಪ್ರತಿಯೊಂದು ಮುಳ್ಳಿಗೂ ಒಂದೊಂದು ನೆರಳನ್ನು ಕೊಡುತ್ತದೆ. ಜ್ವಾಲೆ ಅಲುಗಿದಂತೆ ನೆರಳು ಅಲುಗುವುದರಿಂದ, ರಾಕ್ಷಸನು ಸುಮ್ಮನೆ ನಿಂತಿದ್ದರೂ ಅವನ ಮುಖ ನಿಂತಿರುವುದಿಲ್ಲ. ಪ್ರೇಕ್ಷಕರ ಹಿಂದಿನಿಂದ ದೊಂದಿಗಳ ನಡುವೆ ಅವನು ಬರುವಾಗ ರಾಳದ ಪುಡಿ ಎರಚಿ ಜ್ವಾಲೆಯನ್ನು ಭುಗ್ಗೆನ್ನಿಸುವುದು ಮಕ್ಕಳನ್ನು ಹೆದರಿಸುವುದಕ್ಕಾಗಿ ಮಾತ್ರವಲ್ಲ. ಆ ಕ್ಷಣಕ್ಕೆ ಮುಖವೆಲ್ಲ ಬೇರೆಯಾಗಿ ಕಾಣಲೆಂದು. ಗ್ಯಾಸುದೀಪ ಬಂದು, ವಿದ್ಯುದ್ದೀಪ ಬಂದು ಈ ಸೊಗಸು ಅರ್ಧ ಹೋಯಿತು. ಕ್ಯಾಮರಾದ ನೆತ್ತಿಯ ಮೇಲಿನ ಫ್ಲಾಶ್ ದೀಪ ಉಳಿದರ್ಧವನ್ನೂ ಕಳೆಯುತ್ತದೆ. ನೇರವಾಗಿ ಎದುರಿನಿಂದ ಹೊಡೆಯುವ ಆ ಬೆಳಕಿಗೆ ನೆರಳೇ ಇಲ್ಲ. ನೆರಳಿಲ್ಲದ ಮೇಲೆ ಮುಳ್ಳು ಬರಿಯ ಬಿಳಿಯ ಚುಕ್ಕಿ.

ಬಣ್ಣಕ್ಕೂ ಕ್ಯಾಮರಾಕ್ಕೂ ಇರುವ ಈ ವ್ಯಾಜ್ಯ ಹಳೆಯದು. ಮೊದಮೊದಲ ಚಲನಚಿತ್ರಗಳ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪೆಲ್ಲ ಕಪ್ಪಾಗಿ ಮೂಡುತ್ತಿತ್ತು. ಆದುದರಿಂದ ನಟನಟಿಯರು ವಿಚಿತ್ರ ವರ್ಣಗಳನ್ನು ಬಳಿದುಕೊಂಡು ನಿಲ್ಲಬೇಕಾಗಿತ್ತು. ಎಲ್ಲ ವರ್ಣಗಳನ್ನೂ ಗ್ರಹಿಸುವ ಫಿಲ್ಮು ಬಂದಾಗ ಹಾಲಿವುಡ್‌ನ ಮ್ಯಾಕ್ಸ್ ಫ್ಯಾಕ್ಟರ್ 1928ರಲ್ಲಿ ಅದಕ್ಕೊಪ್ಪುವ ಹೊಸ ಬಣ್ಣಗಳನ್ನೇ ತಯಾರಿಸಬೇಕಾಯಿತು. ಅಂತಹ ಹಳೆಯ ಫಲಕದಲ್ಲಿ ನಮ್ಮ ರಾವಣನನ್ನು ಹಿಡಿದಿದ್ದರೆ ಅವನ ಕೆಂಪೂ ಕಾಡಿಗೆಯೂ ಒಂದೇ ಮಸಿಯಾಗುತ್ತಿದ್ದವು.

ಹಾಗೆಂದು ನಾನು ಛಾಯಾಚಿತ್ರದ ವೈರಿಯಲ್ಲ. ಕ್ಯಾಮರಾಕ್ಕಾಗಿಯೇ ಬಣ್ಣವಿಡುವ ಕಲೆಯೊಂದು ನಮ್ಮ ಕಾಲದಲ್ಲಿ ಬೆಳೆದಿದೆ. ಅದಕ್ಕೆ ಅದರದೇ ಆದ ಘನತೆಯಿದೆ. ಚೀನದ ಲಿಯು ಬೋಲಿನ್ ಎಂಬ ಕಲಾವಿದನು ಬೀಜಿಂಗಿನಲ್ಲಿ ತಾನಿದ್ದ ಕಲಾವಿದರ ಕೇರಿಯನ್ನು ಸರ್ಕಾರ 2005ರಲ್ಲಿ ಕೆಡವಿದಾಗ, ಆ ಹಾಳುಗೋಡೆಗಳ ಮುಂದೆ ನಿಂತು, ಗೋಡೆಯ ಚಿತ್ರವನ್ನೇ ತನ್ನ ಮೈಮೇಲೆ ಬರೆಯಿಸಿಕೊಂಡು, ಅದರಲ್ಲಿ ಕರಗಿಹೋದಂತೆ ಚಿತ್ರ ತೆಗೆಯಿಸಿದನು. ಅವನು ಕಾಣದಾಗುವುದು ಕ್ಯಾಮರಾ ನಿಂತ ಒಂದೇ ಒಂದು ಸ್ಥಾನದಿಂದ. ಎರಡು ಹೆಜ್ಜೆ ಬದಿಗೆ ಸರಿದರೆ ಬಣ್ಣ ಬಳಿದುಕೊಂಡ ಮನುಷ್ಯನೊಬ್ಬ ನಿಂತಿರುವುದು ಕಂಡುಬಿಡುತ್ತದೆ. ಇಲ್ಲಿ ಛಾಯಾಚಿತ್ರವಿಲ್ಲದೆ ಬಣ್ಣಕ್ಕೆ ಅರ್ಥವೇ ಇಲ್ಲ. ಅಮೆರಿಕದ ಸಿಂಡಿ ಶೆರ್ಮನ್ 1977ರಿಂದೀಚೆಗೆ ಬಣ್ಣ, ವೇಷ, ಕ್ಯಾಮರಾ ಮೂರನ್ನೂ ತಾನೇ ನಿರ್ವಹಿಸಿ ನೂರಾರು ಸ್ತ್ರೀಯರಾದಳು. ಇಂತಹ ಕೃತಿಗಳಲ್ಲಿ ಕರ್ತೃ ಯಾರೆಂಬ ಜಗಳ ಹುಟ್ಟುವುದಿಲ್ಲ.

ಜಗಳ ಇರುವುದು ನಮ್ಮಲ್ಲಿ. ಕೆಲವು ವರ್ಷಗಳ ಹಿಂದೆ ಛಾಯಾಚಿತ್ರ ಪ್ರದರ್ಶನವೊಂದರಲ್ಲಿ ಬಹುಮಾನಿತ ಚಿತ್ರವೊಂದನ್ನು ನೋಡಿದೆ. ಚೌಕಿಯಲ್ಲಿ ಅರ್ಧ ಮುಖಕ್ಕೆ ಚುಟ್ಟಿಯಿಟ್ಟು, ಇನ್ನರ್ಧ ಬರಿದಾಗಿದ್ದ ಒಬ್ಬ ಮುದುಕ, ಕೈಯಲ್ಲಿ ಕನ್ನಡಿ. ನಿಜಕ್ಕೂ ಉತ್ತಮವಾದ ಚಿತ್ರ. ಫ್ಲಾಶ್ ಇಲ್ಲದೆ, ಬದಿಯ ಬಲ್ಬಿನ ಬೆಳಕಿನಲ್ಲೇ ತೆಗೆದದ್ದು. ಕೆಳಗೆ ಛಾಯಾಗ್ರಾಹಕರ ಹೆಸರು, ಊರು, ಲೆನ್ಸಿನ ವಿವರ ಎಲ್ಲವೂ ಇದ್ದವು. ಚಿತ್ರದ ಹೆಸರು ‘ರಾಕ್ಷಸ’. ಆ ಮುಖವನ್ನು ಬರೆದವನ ಹೆಸರಿಲ್ಲ. ವಿಚಾರಿಸಿದಾಗ ವ್ಯವಸ್ಥಾಪಕರೊಬ್ಬರು, “ಯಾವುದೋ ಮೇಳದವರು ಸಾರ್” ಎಂದರು. ಲೆನ್ಸಿಗಿದ್ದ ಹೆಸರು ಮನುಷ್ಯನಿಗಿಲ್ಲವಾಯಿತಲ್ಲ!

ಛಾಯಾಗ್ರಾಹಕ ಮಿತ್ರರ ವಾದ ನನಗೆ ತಿಳಿದಿದೆ. ಚುಟ್ಟಿ ಬೆಳಗಾಗುವುದರೊಳಗೆ ಎಣ್ಣೆಯಲ್ಲಿ ಕರಗಿ ಹೋಗುವುದು, ಉಳಿಯುವುದು ನಮ್ಮ ಚಿತ್ರವೇ ಎನ್ನುತ್ತಾರೆ. ಉಳಿಸಿದವನಿಗೆ ಮಾನ್ಯತೆ ಸಲ್ಲಲಿ; ಆದರೆ ತಾಮ್ರಶಾಸನದ ನಕಲು ತೆಗೆದವನು ಕವಿಯಾಗಲಾರ. 1957ರ ಕೃತಿಸ್ವಾಮ್ಯ ಕಾನೂನಿನಂತೆ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನೇ. (ಕಾರಂತರ ‘ಯಕ್ಷಗಾನ ಬಯಲಾಟ’ ಪ್ರಕಟವಾದುದೂ ಅದೇ ವರ್ಷ.) 2012ರ ತಿದ್ದುಪಡಿಯು, ಪ್ರದರ್ಶನ ತನ್ನದೆಂದು ಗುರುತಿಸಿಕೊಳ್ಳುವ ಹಕ್ಕನ್ನು ಕಲಾವಿದನಿಗೂ ಕೊಟ್ಟಿದೆ. ಸ್ಥಿರಚಿತ್ರಕ್ಕೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ವಕೀಲರು ಚರ್ಚಿಸಲಿ. ಹೆಸರು ಬರೆಯುವುದಕ್ಕೆ ವಕೀಲರ ಅಪ್ಪಣೆ ಬೇಕಿಲ್ಲ.

ಈಚೆಗೆ ವೇಷಧಾರಿಗಳನ್ನು ಹಗಲು ಹೊತ್ತಿನಲ್ಲಿ ಕಡಲತೀರಕ್ಕೋ ಗುಡ್ಡದ ತುದಿಗೋ ಕರೆದೊಯ್ದು ಚಿತ್ರ ತೆಗೆಯುವ ರೂಢಿ ಬಂದಿದೆ. ಸಂಪ್ರದಾಯಸ್ಥರು ಇದಕ್ಕೆ ಮುಖ ಸಿಂಡರಿಸುತ್ತಾರೆ, ನಾನು ಸಿಂಡರಿಸೆನು. ಆದರೆ ಅಲ್ಲಿ ಬಣ್ಣವನ್ನು ಆ ಚಿತ್ರಕ್ಕೆಂದೇ ಗಂಟೆಗಟ್ಟಲೆ ಕುಳಿತು ಇಟ್ಟಿರುವುದರಿಂದ, ಅದು ಇಬ್ಬರ ಕೃತಿ. ಹೆಸರೂ ಇಬ್ಬರದಿರಬೇಕು, ಬಹುಮಾನದ ಹಣವೂ ಹಂಚಿಕೆಯಾಗಬೇಕು.

ಸ್ಪರ್ಧೆಗಳನ್ನು ಏರ್ಪಡಿಸುವವರಿಗೆ ನನ್ನ ಸೂಚನೆ ಇಷ್ಟೇ. ಪ್ರವೇಶಪತ್ರದಲ್ಲಿ ಇನ್ನೊಂದು ಸಾಲು ಸೇರಿಸಿ: ವೇಷಧಾರಿಯ ಹೆಸರು, ಪಾತ್ರ, ಪ್ರಸಂಗ, ಮೇಳ. ಆ ಸಾಲು ಖಾಲಿಯಿದ್ದರೆ ಚಿತ್ರವನ್ನು ಹಿಂದಿರುಗಿಸಿ. ಹೆಸರು ಕೇಳುವುದಕ್ಕಾಗಿ ಛಾಯಾಗ್ರಾಹಕನು ಇನ್ನೊಮ್ಮೆ ಚೌಕಿಗೆ ಹೋಗಬೇಕಾದೀತು. ಹೋಗುವಾಗ ಚಿತ್ರದ ಒಂದು ಪ್ರತಿಯನ್ನೂ ಕೊಂಡೊಯ್ಯಲಿ.