ಅಂಗಳದಲ್ಲೊಂದು ಲಾವಂಚದ ಬುಡ

ಸುಗಂಧಕ್ಕಾಗಿ ಗಿಡ ಬೆಳೆಸುವವರು ಹೂವನ್ನೋ ಎಲೆಯನ್ನೋ ಲಕ್ಷಿಸುವುದು ಸಹಜ. ಮಲ್ಲಿಗೆ, ಸಂಪಿಗೆ, ಸುಗಂಧರಾಜಗಳ ಪರಿಮಳ ಬೇಲಿಯಾಚೆ ನಡೆದುಹೋಗುವವರಿಗೂ ಸಲ್ಲುತ್ತದೆ. ದವನ, ಮರುಗ, ಪಚ್ಚೆತೆನೆಗಳು ಬೆರಳು ತಗುಲಿದ ಮಾತ್ರಕ್ಕೆ ತಮ್ಮ ಗುಣವನ್ನು ಪ್ರಕಟಿಸುತ್ತವೆ. ಲಾವಂಚದ ಸಂಗತಿ ಹಾಗಲ್ಲ. ನೋಟಕ್ಕೆ ಅದು ಆಳೆತ್ತರದ ಒರಟು ಹುಲ್ಲು. ಎಲೆಯನ್ನು ಉಜ್ಜಿದರೆ ಹುಲ್ಲಿನ ವಾಸನೆಯೇ ಹೊರತು ಬೇರೆಯಿಲ್ಲ. ತೆನೆ ಬಂದರೂ ಅದರಲ್ಲಿ ಕಣ್ಸೆಳೆಯುವ ಚೆಲುವಿಲ್ಲ. ಅದರ ಸರ್ವಸ್ವವೂ ಭೂಗತವಾದ ಬೇರಿನಲ್ಲಿ ಅಡಗಿದೆ. ಈ ಕಾರಣದಿಂದಲೇ ಇರಬಹುದು, ನಮ್ಮ ನಗರಗಳ ಕೈತೋಟಗಳಲ್ಲಿ ಅದಕ್ಕೆ ಸ್ಥಾನ ದೊರೆತಿಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಒಣಬೇರಿನ ಕಟ್ಟನ್ನು ಕೊಂಡು ತರುವ ಅನೇಕರು ಅದರ ಹಸುರು ಬುಡವನ್ನು ಕಂಡೇ ಇಲ್ಲ. ಲಾವಂಚವನ್ನು ಮನೆಯಲ್ಲಿಯೇ ಬೆಳೆದು ಮನೆಯಲ್ಲಿಯೇ ಬಳಸುವ ಪದ್ಧತಿ ನಮ್ಮಲ್ಲಿ ಪುನಃ ನೆಲೆಗೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಪರಿಮಳದ ಸುಖವೊಂದೇ ಕಾರಣವಲ್ಲ.

ಕುಂಡದಲ್ಲಿ ಲ್ಯಾವೆಂಡರ್ ಬೆಳೆಸಹೊರಟವರ ಉತ್ಸಾಹವನ್ನು ನಾನು ಕಡೆಗಣಿಸುವವನಲ್ಲ. ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತದ ಸುಣ್ಣಕಲ್ಲಿನ ಒಣ ಇಳಿಜಾರುಗಳಲ್ಲಿ ಆ ಸಸ್ಯವು ಜನರ ಗೃಹಜೀವನದೊಡನೆ ಬೆರೆತಿರುವ ರೀತಿ ಗೌರವಾರ್ಹವಾದುದು: ಒಣಗಿಸಿದ ಹೂವು ಪುಟ್ಟ ಚೀಲಗಳಲ್ಲಿ ತುಂಬಿಕೊಂಡು ಬಟ್ಟೆಯ ಕಪಾಟನ್ನು ಸೇರುತ್ತದೆ, ಸ್ನಾನದ ನೀರಿಗೆ ಬೀಳುತ್ತದೆ, ಭಕ್ಷ್ಯಗಳಿಗೂ ಹಿತಮಿತವಾಗಿ ಒದಗುತ್ತದೆ. ನಮ್ಮ ದೇಶದಲ್ಲಿಯೂ ಜಮ್ಮು ಪ್ರಾಂತದ ದೋಡಾ ಜಿಲ್ಲೆಯ ಭದರ್ವಾಹದಲ್ಲಿ, ಹಿಮಾಲಯದ ತಂಪಿನ ಆಶ್ರಯದಲ್ಲಿ, ಅದೀಗ ರೈತರ ಬೆಳೆಯಾಗಿದೆ. ಆದರೆ ಬುಡದಲ್ಲಿ ನೀರು ನಿಲ್ಲುವುದನ್ನು ಸಹಿಸದ ಆ ಗಿಡಕ್ಕೆ ನಮ್ಮ ಮುಂಗಾರಿನ ತೇವವನ್ನು ದಾಟುವುದು ಕಷ್ಟಸಾಧ್ಯ. ಅಲ್ಲಿನ ಮನೆಗಳಿಗೆ ಲ್ಯಾವೆಂಡರ್ ಏನನ್ನು ನೀಡುತ್ತಿದೆಯೋ ಅದನ್ನು ನಮ್ಮ ಮನೆಗಳಿಗೆ, ನಮ್ಮ ಮಳೆಯನ್ನೂ ನಮ್ಮ ಬಿಸಿಲನ್ನೂ ಸಮನಾಗಿ ತಾಳಿಕೊಂಡು, ನೀಡಬಲ್ಲ ಹುಲ್ಲು ನಮ್ಮ ಹಳ್ಳಗಳ ದಂಡೆಯಲ್ಲಿಯೇ ಬೆಳೆಯುತ್ತಿರುವಾಗ ಅದರ ಕಡೆಗೆ ದೃಷ್ಟಿ ಹರಿಯದಿರುವುದು ವಿಷಾದದ ಸಂಗತಿ.

ಇದು ನಮಗೆ ಹೊಸ ಪರಿಚಯವೇನೂ ಅಲ್ಲ. ಕಾಳಿದಾಸನ ಶಾಕುಂತಲದ ಮೂರನೆಯ ಅಂಕದಲ್ಲಿ ಶಕುಂತಲೆಯ ತಾಪಶಮನಕ್ಕೆಂದು ಸಖಿಯರು ಒದಗಿಸುವ ಉಶೀರದ ಲೇಪನ ಈ ಬೇರಿನದೇ. ಜ್ವರದಲ್ಲಿ ಬಾಯಾರಿದವನಿಗೆ ಆಯುರ್ವೇದವು ವಿಧಿಸುವ ಷಡಂಗಪಾನೀಯದ ಆರು ದ್ರವ್ಯಗಳಲ್ಲಿ ಚಂದನ, ಶುಂಠಿಗಳ ಜೊತೆಗೆ ಇದೂ ಒಂದು. ಇನ್ನು ರೈತರು ಈ ಹುಲ್ಲಿನ ಗುಣವನ್ನು ಕಂಡುಕೊಂಡದ್ದು ಮತ್ತೊಂದು ದಾರಿಯಿಂದ. ಗುಂಡ್ಲುಪೇಟೆಯ ಸುತ್ತಲಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ಹೊಲದ ಬದುಗಳ ಮೇಲೆ ಲಾವಂಚವನ್ನು ಸಾಲಾಗಿ ನೆಡುತ್ತಿದ್ದರು. ಅದರ ಬೇರು ಅಕ್ಕಪಕ್ಕಕ್ಕೆ ಹರಡಿ ಬೆಳೆಯ ಪಾಲನ್ನು ಕಸಿಯುವುದಿಲ್ಲ. ನೇರವಾಗಿ ಕೆಳಕ್ಕಿಳಿದು, ಅನುಕೂಲವಾದ ನೆಲದಲ್ಲಿ 3 ಮೀಟರಿಗೂ ಆಳವಾಗಿ ಹೋಗಿ, ಮಣ್ಣನ್ನು ಬಿಗಿದು ಹಿಡಿಯುತ್ತದೆ. ಮೇಲಿನ ದಟ್ಟವಾದ ಬುಡಗಳ ಸಾಲು ಮಳೆಯ ನೀರಿನ ವೇಗವನ್ನು ತಡೆದು ಹೂಳನ್ನು ಹಿಂದೆಯೇ ನಿಲ್ಲಿಸಿಕೊಳ್ಳುತ್ತದೆ. ಪ್ರಪಂಚದ ಭೂಸಂರಕ್ಷಣ ತಜ್ಞರು ಬಹುಕಾಲದ ತರುವಾಯ ಈ ಹುಲ್ಲಿನ ಕಡೆಗೆ ತಿರುಗಿದಾಗ, 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು ಅದಕ್ಕಾಗಿಯೇ ಒಂದು ಗ್ರಂಥವನ್ನು ಪ್ರಕಟಿಸಿದಾಗ, ಮೈಸೂರು ಸೀಮೆಯ ಈ ಹಳೆಯ ಬದುಗಳೂ ಅದರಲ್ಲಿ ದೃಷ್ಟಾಂತವಾಗಿ ಬಂದವು.

ಇಲ್ಲಿಯೇ ಒಂದು ಸಂಕಟವಿದೆ. ನನ್ನ ವಾದದ ಬೇರೂ ಅಲ್ಲಿಯೇ ಇದೆ. ಮಣ್ಣನ್ನು ಹಿಡಿದಿಡುವುದೂ ಪರಿಮಳವನ್ನು ಕೊಡುವುದೂ ಒಂದೇ ಬೇರು. ಪರಿಮಳ ಬೇಕೆಂದವನು ಆ ಬೇರನ್ನು ಅಗೆದು ತೆಗೆಯಲೇಬೇಕು. ಅಗೆದ ಕೂಡಲೆ ಅದು ಹಿಡಿದಿದ್ದ ಮಣ್ಣು ಸಡಿಲವಾಗುತ್ತದೆ. ಪ್ರಪಂಚದ ಸುಗಂಧೋದ್ಯಮಕ್ಕೆ ಲಾವಂಚದ ತೈಲವನ್ನು ಹೇರಳವಾಗಿ ಒದಗಿಸುವ ಹೈಟಿ ದೇಶದಲ್ಲಿ, ಕಡಿದಾದ ಗುಡ್ಡಗಳಿಂದ ಬೇರನ್ನು ಕಿತ್ತು ಕಿತ್ತು, ಯಾವ ಹುಲ್ಲು ಸವೆತವನ್ನು ತಡೆಯಬೇಕಾಗಿತ್ತೋ ಅದರ ಕೊಯಿಲೇ ಸವೆತಕ್ಕೆ ಕಾರಣವಾಗಿರುವುದು ಎಲ್ಲರೂ ಬಲ್ಲ ಸಂಗತಿ. ಹೊಳೆಯ ದಂಡೆಯಲ್ಲಿ ತಾನಾಗಿ ಬೆಳೆದ ಬುಡವನ್ನು ಮಾರಾಟಕ್ಕೆಂದು ಅಗೆದಾಗಲೂ ಸಂಭವಿಸುವುದು ಇದೇ. ಅಂಗಡಿಯಿಂದ ಕೊಂಡ ಕಟ್ಟು ಯಾವ ದಂಡೆಯದು, ಯಾವ ಇಳಿಜಾರಿನದು ಎಂಬುದನ್ನು ಕೊಂಡವನು ಅರಿಯಲಾರ. ತೈಲವನ್ನು ಬಟ್ಟಿಯಿಳಿಸಿ ಸತ್ವ ತೆಗೆದ ಬೇರೋ ಅಲ್ಲವೋ ಎಂಬುದನ್ನು ಕೂಡ ಕೇವಲ ನೋಟದಿಂದ ನಿರ್ಣಯಿಸಲಾರ. ಮನೆಯಂಗಳದ ಚೀಲವೊಂದರಲ್ಲಿ ಬೆಳೆದ ಬೇರಿಗೆ ಈ ಎರಡು ದೋಷಗಳೂ ಇಲ್ಲ. ಅದಕ್ಕಾಗಿ ಯಾವ ದಂಡೆಯೂ ಕುಸಿಯಬೇಕಾಗಿಲ್ಲ.

ಚೀಲವೆಂದೆನಷ್ಟೆ, ಮನೆಯ ಲಾವಂಚಕ್ಕೆ ನೆಲಕ್ಕಿಂತ ಚೀಲವೇ ಲೇಸು. ಸಿಮೆಂಟಿನ ಹಳೆಯ ಚೀಲವನ್ನು ಚೆನ್ನಾಗಿ ತೊಳೆದು, ಕೆಳಗೆ ನಾಲ್ಕಾರು ರಂಧ್ರಗಳನ್ನು ಮಾಡಿ, ಮರಳು, ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರಗಳ ಮಿಶ್ರಣವನ್ನು, ಮರಳಿನ ಪಾಲನ್ನು ಹೆಚ್ಚಾಗಿಟ್ಟುಕೊಂಡು, ತುಂಬಬೇಕು. ಮುಂಗಾರು ಹಿಡಿದ ಬಳಿಕ, ಬಲಿತ ಬುಡದಿಂದ ಸೀಳಿ ತೆಗೆದ ಎರಡು ಮೂರು ಕಂದುಗಳ ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ ನೆಟ್ಟರೆ ಸಾಕು. ದಕ್ಷಿಣದ ತಳಿಗಳು ಬೀಜ ಕಟ್ಟುವುದು ಅಪರೂಪವಾದುದರಿಂದ ಕಂದಿನ ಹೊರತು ಬೇರೆ ಉಪಾಯವಿಲ್ಲ, ಮತ್ತು ಅದೇ ಕಾರಣದಿಂದ ಅದು ಕಳೆಯಾಗಿ ಹಬ್ಬುವ ಭಯವೂ ಇಲ್ಲ. ಬಿಸಿಲು ಧಾರಾಳವಾಗಿರಬೇಕು. ಎಲೆಗಳನ್ನು ಆಗಾಗ್ಗೆ ಕತ್ತರಿಸಿ ಉಳಿದ ಗಿಡಗಳ ಬುಡಕ್ಕೆ ಹೊದಿಸಬಹುದು. ಎಳೆಯವನ್ನು ಹಸುವೂ ತಿನ್ನುತ್ತದೆ. ಬೇರು ಬಲಿತು ಗಂಧ ತುಂಬಿಕೊಳ್ಳುವುದಕ್ಕೆ ಸುಮಾರು ಒಂದೂವರೆ ವರ್ಷ ಬೇಕು. ಈ ನಿಧಾನವನ್ನು ಕೇಳಿ ಹಿಂಜರಿಯುವವರಿಗೆ, ವರ್ಷಕ್ಕೊಂದು ಚೀಲ ನೆಡುತ್ತ ಬಂದರೆ ಪ್ರತಿ ಛಳಿಗಾಲದಲ್ಲಿಯೂ ಒಂದು ಚೀಲ ಸಿದ್ಧವಾಗಿರುತ್ತದೆ ಎಂದಷ್ಟೇ ನನ್ನ ಉತ್ತರ. ಕೊಯಿಲಿನ ಸಮಯದಲ್ಲಿ ಚೀಲದ ಪಕ್ಕವನ್ನು ಸೀಳಿ ಮರಳನ್ನು ಕೊಡವಿದರೆ ಬೇರಿನ ಸಮೂಹವೆಲ್ಲ ಅಜ್ಜಿಯ ಬಿಚ್ಚಿದ ಜಡೆಯಂತೆ ಇಡಿಯಾಗಿ ಕೈಗೆ ಬರುತ್ತದೆ. ನೆಲದಲ್ಲಿ ನೆಟ್ಟಿದ್ದರೆ ಗುದ್ದಲಿಗೆ ಸಿಕ್ಕಿ ಅರ್ಧ ಬೇರು ಮಣ್ಣಿನಲ್ಲಿಯೇ ಉಳಿದುಹೋಗುತ್ತಿತ್ತು. ಬೇರನ್ನು ಕತ್ತರಿಸಿಕೊಂಡ ಬುಡದಿಂದ ಕಂದುಗಳನ್ನು ಬಿಡಿಸಿ ತೇವದಲ್ಲಿಟ್ಟು ಅಂದೋ ಮಾರನೆಯ ದಿನವೋ ಮತ್ತೆ ನೆಡತಕ್ಕದ್ದು.

ತೆಗೆದ ಬೇರನ್ನು ಹಲವು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ತೀಕ್ಷ್ಣವಾದ ಬಿಸಿಲು ಗಂಧವನ್ನು ಹೀರಿಬಿಡುತ್ತದೆ. ನೆರಳಿನಲ್ಲಿ ಒಣಗಿದ ಬೇರು ವರ್ಷಗಟ್ಟಲೆ ಗುಣವನ್ನು ಉಳಿಸಿಕೊಳ್ಳುತ್ತದೆ, ಏಕೆಂದರೆ ಅದರ ತೈಲದ ಘಟಕಗಳು ಭಾರವಾದವು, ಬೇಗನೆ ಆವಿಯಾಗತಕ್ಕವಲ್ಲ. ಒಣಗಿದಾಗ ಮೌನವಾಗಿದ್ದು, ನೀರು ಸೋಕಿದೊಡನೆ ಮತ್ತೆ ತಾನಿರುವೆನೆಂದು ತಿಳಿಸುತ್ತದೆ.

ಅಡುಗೆಮನೆಯಲ್ಲಿ ಅದರ ಮೊದಲ ಸ್ಥಾನ ಕುಡಿಯುವ ನೀರಿನ ಮಡಕೆ. ಶುಭ್ರವಾದ ತೆಳುಬಟ್ಟೆಯಲ್ಲಿ ಒಂದು ಹಿಡಿ ಬೇರನ್ನು ಕಟ್ಟಿ ರಾತ್ರಿ ಮಡಕೆಗೆ ಇಳಿಬಿಟ್ಟರೆ ಬೆಳಗ್ಗೆ ನೀರಿಗೆ ಹೊಸ ಮಳೆ ಬಿದ್ದ ನೆಲದ ಪರಿಮಳ ಬಂದಿರುತ್ತದೆ. ಎರಡು ಮೂರು ದಿನಕ್ಕೊಮ್ಮೆ ಗಂಟನ್ನು ತೆಗೆದು ತೊಳೆದು ಪೂರ್ಣವಾಗಿ ಒಣಗಿಸುವುದನ್ನು ಮರೆಯಬಾರದು. ಇದೇ ನೀರಿನಲ್ಲಿ ಬೆಲ್ಲವನ್ನು ಕರಗಿಸಿ ನಿಂಬೆಯ ರಸ, ಏಲಕ್ಕಿ, ಶುಂಠಿ ಸೇರಿಸಿದ ರಾಮನವಮಿಯ ಪಾನಕವನ್ನು ಒಮ್ಮೆ ಕುಡಿದವರಿಗೆ, ಶೀಷೆಗಳಲ್ಲಿ ದೊರೆಯುವ ಕಡುಹಸುರು ಬಣ್ಣದ ಷರಬತ್ತಿಗೂ ಲಾವಂಚಕ್ಕೂ ಇರುವ ದೂರ ತಾನಾಗಿ ಅರಿವಾಗುತ್ತದೆ. ನಿಜವಾದ ಬೇರು ನೀರಿಗೆ ಹಸುರನ್ನು ಕೊಡುವುದೇ ಇಲ್ಲ. ಆದರೆ ಒಂದು ಎಚ್ಚರಿಕೆ ಅವಶ್ಯವಾಗಿ ಹೇಳತಕ್ಕದ್ದು. ಬಚ್ಚಲ ನೀರು ಹರಿಯುವಲ್ಲಿ ಈ ಹುಲ್ಲು ಸೊಂಪಾಗಿ ಬೆಳೆಯುತ್ತದೆ, ನಿಜ. ಕೊಳೆನೀರಿನಲ್ಲಿರುವ ಲೋಹಾಂಶಾದಿ ಕಲ್ಮಷಗಳನ್ನು ತನ್ನೊಳಗೆ ಹೀರಿಕೊಳ್ಳುವ ಶಕ್ತಿ ಅದಕ್ಕಿರುವುದರಿಂದಲೇ ತ್ಯಾಜ್ಯಜಲದ ಶುದ್ಧೀಕರಣಕ್ಕೂ ಅದನ್ನು ಬಳಸುತ್ತಾರೆ. ಆದುದರಿಂದ ಚರಂಡಿಯ ಬದಿಯ ಬುಡ ಮಣ್ಣಿನ ರಕ್ಷಣೆಗೆ ಇರಲಿ; ಕುಡಿಯುವ ನೀರಿಗೆ ಅದರ ಬೇರು ಸಲ್ಲದು. ಮಡಕೆಗೆ ಬರತಕ್ಕದ್ದು ಒಳ್ಳೆಯ ನೀರು ಕುಡಿದು ಬೆಳೆದ ಚೀಲದ ಬೇರು ಮಾತ್ರ.

ಮನೆಯ ಇತರ ಉಪಯೋಗಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು, ಅವು ಹಿರಿಯರಿಗೆಲ್ಲ ಗೊತ್ತಿರುವಂಥವೇ. ರೇಷ್ಮೆಸೀರೆಗಳ ಮಡಿಕೆಯ ನಡುವೆ ಒಂದು ಕಟ್ಟು; ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯಲ್ಲಿ ನಾಲ್ಕು ಎಳೆ; ಎಣ್ಣೆನೀರಿನ ದಿನ ಹಂಡೆಯಲ್ಲೊಂದು ಹಿಡಿ. ಈ ಬೇರಿನ ತೈಲದಲ್ಲಿರುವ ನೂಟ್ಕಟೋನ್ ಎಂಬ ದ್ರವ್ಯ ಗೆದ್ದಲನ್ನು ದೂರವಿಡುವುದೆಂದು ವಿಜ್ಞಾನಿಗಳು ತೋರಿಸಿರುವುದರಿಂದ ಪುಸ್ತಕದ ಬೀರುವಿನಲ್ಲಿಯೂ ಅದಕ್ಕೊಂದು ಮೂಲೆಯನ್ನು ಕೊಡುವುದು ಅಸಂಗತವಲ್ಲ. ಕಿಟಕಿಗೆ ಕಟ್ಟುವ ಲಾವಂಚದ ತಟ್ಟಿ ಇವೆಲ್ಲಕ್ಕಿಂತ ಭವ್ಯವಾದುದು. ಒದ್ದೆ ಬೇರಿನ ಮೂಲಕ ಹಾಯುವ ಬಿಸಿಗಾಳಿ ನೀರನ್ನು ಆವಿಯಾಗಿಸುತ್ತ ತನ್ನ ಉಷ್ಣವನ್ನು ಅಲ್ಲಿಯೇ ಕಳೆದುಕೊಂಡು ಒಳಬರುತ್ತದೆ. ಆದರೆ ಗಾಳಿ ಒಣಗಿರುವ ಬಳ್ಳಾರಿ, ರಾಯಚೂರು, ಕಲಬುರಗಿಗಳಲ್ಲಿ ಮಾತ್ರ ಅದರ ಪೂರ್ಣಫಲ ದೊರೆಯುತ್ತದೆ. ತೇವಾಂಶ ತುಂಬಿದ ಕರಾವಳಿಯಲ್ಲಿ ಪರಿಮಳ ಬಂದೀತು, ತಂಪು ಅಷ್ಟಾಗಿ ಬಾರದು. ಒಂದು ಚೀಲದ ಬೇರಿನಿಂದ ತಟ್ಟಿ ಆಗದು, ಬೀಸಣಿಗೆ ಆಗಬಹುದು.

ಬೀಜದಿಂದ ಬಾರದ ಗಿಡ ಕೈಯಿಂದ ಕೈಗೇ ದಾಟಬೇಕಷ್ಟೆ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಬರುವ ಸಹಸ್ರಾರು ಜನರಿಗೆ ಹೂವಿನ ಸಸಿಗಳ ಪಕ್ಕದಲ್ಲಿ ಲಾವಂಚದ ಕಂದುಗಳೂ ಅಲ್ಪಬೆಲೆಗೆ ದೊರೆಯುವಂತಾದರೆ, ಶಾಲೆಯ ಆವರಣದ ಇಳಿಜಾರಿನಲ್ಲಿ ಮಕ್ಕಳು ಅದರದೊಂದು ಸಾಲನ್ನು ನೆಟ್ಟು ಮಳೆಯ ನೀರು ಅಲ್ಲಿ ತಡೆದು ನಿಲ್ಲುವುದನ್ನು ಕಣ್ಣಾರೆ ಕಾಣುವಂತಾದರೆ, ಮೇಲೆ ಹೇಳಿದ ಎರಡು ಗುಣಗಳಲ್ಲಿ ಯಾವುದನ್ನೂ ಇನ್ನೊಂದಕ್ಕಾಗಿ ಬಲಿಕೊಡಬೇಕಾಗಿ ಬರುವುದಿಲ್ಲ. ಇಳಿಜಾರಿನ ಬುಡವನ್ನು ಯಾರೂ ಅಗೆಯಕೂಡದು. ಚೀಲದ್ದನ್ನು ಅಗೆಯದೆ ಬಿಡಕೂಡದು. ಅದುವರೆಗೆ, ಮನೆಯಲ್ಲಿ ಬಲಿತ ಬುಡವುಳ್ಳವರು ಈ ಮುಂಗಾರಿನಲ್ಲಿ ನೆರೆಯವರಿಗೆ ನಾಲ್ಕು ಕಂದುಗಳನ್ನಾದರೂ ಸೀಳಿ ಕೊಡಲಿ.