ಮಗಳ ಊರು ಬಾರ್ಸಿಲೋನಾ: ಬಾಗಿಲು ಹಾಕಿಕೊಂಡು ಕೂರಬೇಡಿ



ಮಕ್ಕಳು ಪರದೇಶದಲ್ಲಿ ನೌಕರಿಗೆ ನಿಂತ ಮೇಲೆ ನಮ್ಮ ಸಣ್ಣ ಊರುಗಳ ತಾಯಂದಿರಿಗೂ ವಿಮಾನ ಹತ್ತುವ ಯೋಗ ಬಂದಿದೆ. ಆದರೆ ಹೋಗಿ ಬಂದವರನ್ನು "ಏನೇನು ನೋಡಿದಿರಿ?" ಅಂತ ಕೇಳಿ ನೋಡಿ. "ಏನಿಲ್ಲಮ್ಮ, ಶನಿವಾರ ಭಾನುವಾರ ಅವರೇ ಎಲ್ಲಾದರೂ ಕರೆದುಕೊಂಡು ಹೋಗ್ತಿದ್ರು. ಉಳಿದ ದಿನ ಅಡುಗೆ ಮಾಡಿಟ್ಟು ಕಿಟಕಿ ಹತ್ತಿರ ಕೂತಿರ್ತಿದ್ದೆ" ಅನ್ನುವವರೇ ಹೆಚ್ಚು. ಸಾವಿರಾರು ಮೈಲಿ ಹೋದದ್ದು ಇಷ್ಟಕ್ಕೇನೇ?

ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ಮಗಳಿರುವ ಓದುಗ ಸೋದರಿಯೊಬ್ಬರು ಇದೇ ಅಳುಕನ್ನು ತೋಡಿಕೊಂಡು ಕಾಗದ ಬರೆದಿದ್ದಾರೆ. ಮಗಳು ಬೆಳಿಗ್ಗೆ ಹೋದರೆ ಮನೆಗೆ ಬರುವುದು ಸಂಜೆ ಏಳಕ್ಕೆ. ಇವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮಾಂಸ ಮೀನು ಮುಟ್ಟುವವರಲ್ಲ. ಜೇಬುಗಳ್ಳರ ಭಯ ಬೇರೆ. ಒಬ್ಬಳೇ ಹೊರಗೆ ಹೋಗಬಹುದೇ ಎಂಬುದು ಅವರ ಪ್ರಶ್ನೆ.

ಹೋಗಬಹುದು, ಹೋಗಲೇಬೇಕು. ಸುಮಾರು 17 ಲಕ್ಷ ಜನರ ಈ ಕಡಲ ತೀರದ ಊರಿನಲ್ಲಿ ಅಜ್ಜಿಯರು ಗಾಲಿ ಚೀಲ ಎಳೆದುಕೊಂಡು ಒಬ್ಬರೇ ಮಾರುಕಟ್ಟೆಗೆ ಹೋಗುತ್ತಾರೆ, ಬೀದಿ ಬದಿಯ ಬೆಂಚಿನಲ್ಲಿ ಕೂತು ಹರಟುತ್ತಾರೆ. ನೀವೂ ಅವರಲ್ಲಿ ಒಬ್ಬರಾಗಿ. ಅದಕ್ಕೆ ತಿಳಿದಿರಬೇಕಾದ ಮಾತುಗಳನ್ನು ಇಲ್ಲಿ ಕೂಡಿಸಿದ್ದೇನೆ.

ಪೆಟ್ಟಿಗೆ ಕಟ್ಟುವ ಮೊದಲು

ವೀಸಾಕ್ಕೆ ಕಡಿಮೆಯೆಂದರೆ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಮಗಳ ಮನೆಯಲ್ಲೇ ಉಳಿಯುವುದಾದರೆ ಅವಳು ಅಲ್ಲಿನ ಪೊಲೀಸ್ ಇಲಾಖೆಯಿಂದ ಆಹ್ವಾನ ಪತ್ರ ಮಾಡಿಸಿ ಕಳಿಸಬೇಕಾಗುತ್ತದೆ. ಇದಕ್ಕೆ ಸಮಯ ಹಿಡಿಯುವುದರಿಂದ ಮುಂಚೆಯೇ ಎಚ್ಚರಿಸಿ.

ಇನ್ನು ತಾಯಂದಿರು ತಪ್ಪದೆ ಕಟ್ಟಿಕೊಳ್ಳುವ ತಿಂಡಿಯ ವಿಷಯ. ಯೂರೋಪಿನೊಳಗೆ ಹೊರದೇಶದ ಹಾಲಿನ ಪದಾರ್ಥಕ್ಕೂ ಮಾಂಸಕ್ಕೂ ಪ್ರವೇಶವಿಲ್ಲ. ಧಾರವಾಡ ಪೇಡ, ಮನೆಯ ತುಪ್ಪ, ಕುಂದ ಯಾವುದೂ ಬೇಡ. ಹಿಡಿದರೆ ಕಸದ ಬುಟ್ಟಿಗೆ ಹಾಕುತ್ತಾರೆ. ಮಾವಿನಹಣ್ಣು, ಹಸಿ ಕರಿಬೇವು ಸಹ ಬಿಡಿ. ಸಾರಿನ ಪುಡಿ, ಚಟ್ನಿ ಪುಡಿ, ಹಪ್ಪಳ, ಎಣ್ಣೆಯಲ್ಲಿ ಕರಿದ ಚಕ್ಕುಲಿ ಇವಕ್ಕೆ ತೊಂದರೆಯಿಲ್ಲ.

ಏಪ್ರಿಲ್‌ನಿಂದ ಜೂನ್, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್ ಹೋಗಲು ಹಿತವಾದ ತಿಂಗಳುಗಳು. ಜುಲೈ, ಆಗಸ್ಟ್‌ನಲ್ಲಿ ನಮ್ಮ ಮಂಗಳೂರಿನ ಹಾಗೆ ಬೆವರು. ಚಳಿಗಾಲಕ್ಕೆ ಒಂದು ಒಳ್ಳೆಯ ಸ್ವೆಟರ್, ಮೇಲೊಂದು ಕೋಟು ಸಾಕು. ಸೀರೆ ಉಡುವವರು ಧಾರಾಳವಾಗಿ ಉಡಿ. ಆದರೆ ಮೆಟ್ರೋದ ಚಲಿಸುವ ಮೆಟ್ಟಿಲಿನ ಮೇಲೆ ನೆರಿಗೆ ಎತ್ತಿ ಹಿಡಿದುಕೊಳ್ಳಿ. ಕಾಲಿಗೆ ಚಪ್ಪಲಿಗಿಂತ ಮೆತ್ತನೆಯ ಬೂಟು ಮೇಲು, ಏಕೆಂದರೆ ಇಲ್ಲಿ ನಡೆಯುವುದೇ ಹೆಚ್ಚು.

ಊರಿನ ಗಡಿಯಾರ

ಇಲ್ಲಿಯ ದಿನಚರಿ ನಮ್ಮದಕ್ಕಿಂತ ಎರಡು ಗಂಟೆ ತಡ ಎಂದು ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯಿತು. ಮಧ್ಯಾಹ್ನದ ಊಟ ಎರಡಕ್ಕೆ, ರಾತ್ರಿಯದು ಒಂಬತ್ತಕ್ಕೆ. ಸಂಜೆ ಏಳಕ್ಕೆ ಹಸಿವೆಂದು ಹೋಟೆಲಿಗೆ ಹೋದರೆ ಒಲೆಯೇ ಹಚ್ಚಿರುವುದಿಲ್ಲ. ಸಣ್ಣ ಅಂಗಡಿಗಳು ಮಧ್ಯಾಹ್ನ ಎರಡರಿಂದ ಐದರವರೆಗೆ ಬಾಗಿಲು ಹಾಕುವುದುಂಟು. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ರಜ, ಹಾಗಾಗಿ ಹಾಲು ತರಕಾರಿ ಶನಿವಾರವೇ ತಂದಿಡಿ. ಆಗಸ್ಟ್‌ನಲ್ಲಿ ಎಷ್ಟೋ ಅಂಗಡಿಯವರು ವಾರಗಟ್ಟಲೆ ರಜೆ ಮೇಲೆ ಹೋಗಿಬಿಡುತ್ತಾರೆ.

ನಿಮಗೆ ಅನುಕೂಲವಾದ ಹೊತ್ತು ಬೆಳಿಗ್ಗೆ ಒಂಬತ್ತರಿಂದ ಒಂದು. ಆಗ ಬೀದಿಯಲ್ಲಿ ಜನ ಕಡಿಮೆ, ಬಿಸಿಲೂ ಕಡಿಮೆ. ಮನೆಗೆ ಬಂದು ಊಟ, ಒಂದು ನಿದ್ದೆ. ಸಂಜೆ ಆರಕ್ಕೆ ಇಡೀ ಊರು ಬೀದಿಗಿಳಿದಾಗ ಮತ್ತೊಂದು ಸುತ್ತು.

ದಾರಿ ತಪ್ಪದ ಉಪಾಯ

ಎಯ್ಶಾಂಪ್ಲಾ ಎಂಬ ಹೊಸ ಬಡಾವಣೆ ಹೊಸದೆಂದರೂ ನೂರೈವತ್ತು ವರ್ಷಕ್ಕಿಂತ ಹಳೆಯದು. 1859ರಲ್ಲಿ ಇಲ್ದೆಫೋನ್ಸ್ ಸೆರ್ದಾ ಎಂಬ ಎಂಜಿನಿಯರ್ ರಂಗೋಲಿ ಚುಕ್ಕಿಯಷ್ಟೇ ಅಚ್ಚುಕಟ್ಟಾಗಿ ಇದರ ನಕ್ಷೆ ಬರೆದ. ಬೀದಿಗಳೆಲ್ಲ ನೇರ, ಪ್ರತಿ ಕಟ್ಟಡದ ಮೂಲೆಯನ್ನೂ ಓರೆಯಾಗಿ ಕತ್ತರಿಸಿದಂತೆ ಇದೆ. ಚೆಂದವೇ, ಆದರೆ ಎಲ್ಲ ಮೂಲೆಯೂ ಒಂದೇ ಥರ ಕಾಣುತ್ತದೆ. ಊರಿನವರು ದಾರಿ ಹೇಳುವಾಗ ಎಡ ಬಲಕ್ಕಿಂತ "ಸಮುದ್ರದ ಬದಿ", "ಬೆಟ್ಟದ ಬದಿ" ಎನ್ನುತ್ತಾರೆ. ಇಳಿಜಾರು ಹೋಗುವುದು ಸಮುದ್ರಕ್ಕೆ, ಏರು ಹೋಗುವುದು ಬೆಟ್ಟಕ್ಕೆ. ಮಗಳ ಮನೆ ಯಾವ ಬದಿ ಎಂದು ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಮಹಡಿಯ ಲೆಕ್ಕವೂ ಬೇರೆ. ಹಳೆಯ ಕಟ್ಟಡಗಳಲ್ಲಿ ನೆಲಮಹಡಿಯ ಮೇಲೆ ಎಂತ್ರೆಸ್ವೇಲೋ, ಅದರ ಮೇಲೆ ಪ್ರಿನ್ಸಿಪಾಲ್, ಆಮೇಲೆ ಒಂದನೆಯದು. ಮಗಳು "ಒಂದನೇ ಮಹಡಿ" ಎಂದರೆ ನೀವು ಮೂರು ಮಹಡಿ ಹತ್ತಬೇಕಾದೀತು! ರಸ್ತೆ ದಾಟುವಾಗ ನೆನಪಿಡಿ, ವಾಹನಗಳು ಬಲಬದಿಯಲ್ಲಿ ಓಡುತ್ತವೆ. ಮೊದಲು ಎಡಕ್ಕೆ ನೋಡಿ, ಸೈಕಲ್ ದಾರಿಗೂ ಕಣ್ಣಿರಲಿ.

ಮೆಟ್ರೋ, ಬಸ್ಸು ಎರಡಕ್ಕೂ ತೆ-ಕಸುವಾಲ್ ಎಂಬ ಹತ್ತು ಪ್ರಯಾಣದ ಟಿಕೆಟ್ ಇದೆ. ಒಮ್ಮೆ ಒತ್ತಿದ ಮೇಲೆ 75 ನಿಮಿಷದೊಳಗೆ ಬಸ್ಸಿನಿಂದ ಮೆಟ್ರೋಗೆ ಬದಲಿಸಿದರೆ ಮತ್ತೆ ಹಣವಿಲ್ಲ. ಆದರೆ ಇದು ಒಬ್ಬರಿಗೆ ಮಾತ್ರ. ತಾಯಿ ಮಗಳು ಸೇರಿ ಬಳಸಲು ತೆ-ಫಮಿಲಿಯಾರ್ ಎಂಬ ಎಂಟು ಪ್ರಯಾಣದ್ದು ಬೇರೆ ಇದೆ. ವಿಮಾನ ನಿಲ್ದಾಣದ ಮೆಟ್ರೋ ನಿಲ್ದಾಣಗಳಲ್ಲಿ ತೆ-ಕಸುವಾಲ್ ನಡೆಯದು ಎಂಬುದೂ ಗೊತ್ತಿರಲಿ.

ಕೈಚೀಲ ಜೋಪಾನ

ಹೆದರಿಸಲು ಹೇಳುತ್ತಿಲ್ಲ. ಇಲ್ಲಿಯ ಕಳ್ಳರು ಮೈಮುಟ್ಟಿ ಹಿಂಸಿಸುವುದು ಕಡಿಮೆ, ಗಮನ ಬೇರೆಡೆ ಸೆಳೆದು ಕದಿಯುವುದೇ ಹೆಚ್ಚು. ಮೆಟ್ರೋದ ಬಾಗಿಲು, ಲಾ ರಾಂಬ್ಲಾ ಬೀದಿ, ದೊಡ್ಡ ಚರ್ಚಿನ ಮುಂದಿನ ಗುಂಪು, ಕಡಲ ತೀರ ಇವು ಅವರ ಜಾಗ. ಅವರ ಉಪಾಯಗಳು ಗೊತ್ತಿದ್ದರೆ ಸಾಕು:

● "ನಿಮ್ಮ ಬಟ್ಟೆಗೆ ಹಕ್ಕಿ ಹಿಕ್ಕೆ ಬಿದ್ದಿದೆ" ಎಂದು ಒರೆಸಲು ಬಂದರೆ ನಿಲ್ಲಬೇಡಿ. ಹಾಗೆಯೇ ನಡೆದುಬಿಡಿ.

● ಹೂ ಕೊಡುವವರು, ಸಹಿ ಹಾಕಿ ಎಂದು ಕಾಗದ ಹಿಡಿಯುವವರು ಕಂಡರೆ ಕೈ ಅಡ್ಡ ಆಡಿಸಿ ಮುಂದೆ ಹೋಗಿ.

● ಫೋನನ್ನು ಹೋಟೆಲಿನ ಮೇಜಿನ ಮೇಲೆ, ಚೀಲವನ್ನು ಕುರ್ಚಿಯ ಬೆನ್ನಿಗೆ ಇಡಬೇಡಿ. ಚೀಲ ಮಡಿಲಲ್ಲಿರಲಿ, ಅದರ ಪಟ್ಟಿ ಅಡ್ಡಡ್ಡ ಹೆಗಲ ಮೇಲಿರಲಿ, ಜಿಪ್ಪು ಮುಂದಕ್ಕಿರಲಿ.

● ಪಾಸ್‌ಪೋರ್ಟ್ ಮನೆಯಲ್ಲಿಟ್ಟು ಜೆರಾಕ್ಸ್ ಪ್ರತಿ ಒಯ್ಯಿರಿ. ಆ ದಿನಕ್ಕೆ ಬೇಕಾದಷ್ಟೇ ಹಣ ಸಾಕು. ದಪ್ಪ ಸರ, ಜೋಡಿ ಬಳೆ ಊರಲ್ಲೇ ಇರಲಿ. ಮಾಂಗಲ್ಯವನ್ನು ರವಿಕೆಯೊಳಗೆ ಸೇರಿಸಿಕೊಳ್ಳಿ.

ತುರ್ತಿಗೆ 112 ಒತ್ತಿ. ಕಳವಾದರೆ ಪೊಲೀಸರಲ್ಲಿ ದೂರು ಬರೆಸಿ, ಅದರ ಪ್ರತಿ ಇಲ್ಲದೆ ವಿಮೆಯ ಹಣ ಸಿಗುವುದು ಕಷ್ಟ. ಪಾಸ್‌ಪೋರ್ಟೇ ಹೋದರೆ ಮ್ಯಾಡ್ರಿಡ್‌ನಲ್ಲಿ ನಮ್ಮ ರಾಯಭಾರ ಕಚೇರಿ ಇದೆ. ಒಂದು ಚೀಟಿಯಲ್ಲಿ ಮನೆಯ ವಿಳಾಸ, ಮಗಳ ಫೋನ್ ನಂಬರು ಬರೆದು ಕೈಚೀಲದಲ್ಲಿ ಅಲ್ಲ, ಬೇರೆ ಕಡೆ ಇಟ್ಟುಕೊಳ್ಳಿ. ಚೀಲವೇ ಹೋದರೂ ಚೀಟಿ ಉಳಿಯಬೇಕಲ್ಲ!

ಹೊಟ್ಟೆಯ ಚಿಂತೆ

"ಮಾಂಸ ಬೇಡ" ಎಂದರೆ ಇಲ್ಲಿಯ ಕೆಲವರು ಹಂದಿಯ ಹಮೋನನ್ನೂ ಅತೂನ್ ಎಂಬ ಮೀನನ್ನೂ ಮಾಂಸವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ತರಕಾರಿ ಸಲಾಡ್ ಕೇಳಿದರೆ ಮೇಲೆ ಮೀನು ಉದುರಿಸಿ ತರುವುದುಂಟು. ಆದ್ದರಿಂದ ಒಂದೊಂದನ್ನೂ ಹೆಸರು ಹಿಡಿದು ಬೇಡ ಎನ್ನಿ. ಸುಟ್ಟ ಬದನೆಕಾಯಿ, ಕೆಂಪು ದಪ್ಪ ಮೆಣಸಿನಕಾಯಿಗಳ ಎಸ್ಕಲಿವಾದಾ ನಮ್ಮ ಬದನೆಕಾಯಿ ಸುಟ್ಟ ಗೊಜ್ಜಿನ ನೆಂಟನಂತಿದೆ; ಮೇಲೆ ಮೀನಿಲ್ಲದೆ ಕೇಳಿ. ಬೇಸಿಗೆಗೆ ತಣ್ಣನೆಯ ಟೊಮೇಟೊ ಸಾರು ಗಾಸ್ಪಾಚೋ ಚೆನ್ನ. ಆಲೂಗೆಡ್ಡೆಯ ತೋರ್ತಿಯಾ ಮೊಟ್ಟೆಯದು, ಕ್ರೋಕೆತಾ ಎಂಬ ಕರಿದ ಉಂಡೆಯಲ್ಲಿ ಸಾಮಾನ್ಯವಾಗಿ ಹಮೋನ್ ಇರುತ್ತದೆ.

ರವಾಲ್ ಎಂಬ ಹಳೆಯ ಪೇಟೆಯಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ಭಾರತದಿಂದ ಬಂದವರ ಅಂಗಡಿಗಳು ಸಾಲಾಗಿವೆ. ತೊಗರಿಬೇಳೆ, ಗೋಧಿಹಿಟ್ಟು, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಎಲ್ಲ ಸಿಗುತ್ತದೆ. ಹಗಲಿನಲ್ಲಿ ಹೋಗಿ ಬನ್ನಿ. ಸಾರ್ವಜನಿಕ ಶೌಚಾಲಯ ಕಡಿಮೆ. ಒಂದು ಕಾಫಿ ಕುಡಿದು ಹೋಟೆಲಿನದನ್ನೇ ಕೇಳಬೇಕು. ಅಲ್ಲಿ ಕಾಗದವೇ ಗತಿ. ಸಣ್ಣ ನೀರಿನ ಬಾಟಲಿ ಜೊತೆಗಿರಲಿ.

ಏನೇನು ನೋಡಬೇಕು?

ಮಾರುಕಟ್ಟೆ: ಎಲ್ಲರೂ ಹೇಳುವುದು ರಾಂಬ್ಲಾದ ಬೊಕೆರಿಯಾ. ಬೆಳಿಗ್ಗೆ ಬೇಗ ಹೋದರೆ ಚೆನ್ನ, ಭಾನುವಾರ ಇಲ್ಲ. ಆದರೆ ಗೃಹಿಣಿಗೆ ಹಿಡಿಸುವುದು ಬಡಾವಣೆಯ ಮಾರುಕಟ್ಟೆ. 1882ರ ಸಾಂತ್ ಅಂತೋನಿ, ಅಲೆಯಂತೆ ಬಾಗಿದ ಬಣ್ಣದ ಚಾವಣಿಯ ಸಾಂತಾ ಕತೆರಿನಾ ಇವು ಊರಿನವರೇ ಬರುವ ಜಾಗಗಳು. ಹಣ್ಣನ್ನು ಮುಟ್ಟಿ ಹಿಚುಕಿ ನೋಡಬೇಡಿ, ಅಂಗಡಿಯವರೇ ಆರಿಸಿ ಕೊಡುತ್ತಾರೆ. ಕ್ಯೂ ಕಾಣುವುದಿಲ್ಲ, ಆದರೂ ಇರುತ್ತದೆ! ಬಂದವರು "ಕೊನೆಯವರು ಯಾರು?" ಎಂದು ಕೇಳುತ್ತಾರೆ, ಒಬ್ಬರು ಕೈ ಎತ್ತುತ್ತಾರೆ. ಅವರಾದ ಮೇಲೆ ನೀವು.

ಸಗ್ರಾದಾ ಫಮಿಲಿಯಾ: 1882ರಲ್ಲಿ ಕಟ್ಟಲು ತೊಡಗಿದ ಚರ್ಚಿದು. ಮರುವರ್ಷ ಹೊಣೆ ಹೊತ್ತ ಆಂತೋನಿ ಗೌದಿ ಬದುಕಿನ ಕೊನೆಯವರೆಗೂ ಇದಕ್ಕೇ ದುಡಿದ. 1926ರ ಜೂನ್‌ನಲ್ಲಿ ಟ್ರಾಮ್ ಬಡಿದು ಬಿದ್ದಾಗ ಅವನ ಹಳೆಯ ಬಟ್ಟೆ ನೋಡಿ ಭಿಕ್ಷುಕನೆಂದು ತಿಳಿದರಂತೆ. ಮೂರು ದಿನಕ್ಕೆ ತೀರಿಕೊಂಡ, ಅವನ ಸಮಾಧಿ ಇದರ ನೆಲಮಾಳಿಗೆಯಲ್ಲೇ ಇದೆ. 2025ರ ಅಕ್ಟೋಬರ್‌ನಲ್ಲಿ ಇದು ಜಗತ್ತಿನ ಅತಿ ಎತ್ತರದ ಚರ್ಚ್ ಆಯಿತು. ಒಳಗೆ ಕಂಬಗಳು ಮರದಂತೆ ಕವಲೊಡೆದಿವೆ. ಬಣ್ಣದ ಗಾಜಿನಿಂದ ಬೆಳಿಗ್ಗೆ ನೀಲಿ, ಹಸಿರು, ಸಂಜೆ ಕೆಂಪು, ಕಿತ್ತಳೆ ಬೆಳಕು ಬೀಳುತ್ತದೆ. ಟಿಕೆಟ್ಟನ್ನು ಮಗಳಿಂದ ಮುಂಚೆಯೇ ತೆಗೆಸಿ. 65 ದಾಟಿದವರಿಗೆ ರಿಯಾಯಿತಿ ಇದೆ. ದುಡ್ಡು ಹೆಚ್ಚೆನಿಸಿದರೆ ಎದುರಿನ ಉದ್ಯಾನದ ಬೆಂಚಿನಲ್ಲಿ ಕೂರಿ. ಅಲ್ಲಿಯ ಕೊಳದಲ್ಲಿ ಗೋಪುರಗಳ ನೆರಳು ಪುಕ್ಕಟೆ ಕಾಣುತ್ತದೆ. ಗೌದಿಯದೇ ಪಾರ್ಕ್ ಗ್ವೆಲ್‌ಗೂ ಮುಂಗಡ ಟಿಕೆಟ್ ಬೇಕು, ಏರು ಹಾದಿಗೆ ಮಂಡಿನೋವಿನವರು ಬಸ್ಸಿನಲ್ಲಿ ಹೋಗಿ.

ಸಾಂತಾ ಮರಿಯಾ ದೆಲ್ ಮಾರ್: ಹಳೆ ಪೇಟೆಯ ಈ ಚರ್ಚು 1329ರಿಂದ 1383ರವರೆಗೆ ಕಟ್ಟಿದ್ದು. ಬಂದರಿನ ಹಮಾಲರು ಮೋಂಜುಯಿಕ್ ಗುಡ್ಡದ ಕಲ್ಲು ಹೊತ್ತು ತಂದರು. ಬಾಗಿಲಿನ ಮೇಲೆ ಹೊರೆ ಹೊತ್ತ ಆ ಹಮಾಲರ ಪುಟ್ಟ ಬೊಂಬೆಗಳಿವೆ, ಹುಡುಕಿ ನೋಡಿ. ಹತ್ತಿರದ ಕೆಥೆಡ್ರಲ್ ಅಂಗಳದಲ್ಲಿ ಹದಿಮೂರು ಬಿಳಿ ಹೆಬ್ಬಾತುಗಳನ್ನು ಸಾಕಿದ್ದಾರೆ. ಹದಿಮೂರನೇ ವಯಸ್ಸಿಗೇ ಪ್ರಾಣ ಕೊಟ್ಟ ಸಂತೆ ಎವುಲಾಲಿಯಾಳ ನೆನಪಿಗೆ ಅದು.

ಏಪ್ರಿಲ್ 23ರಂದು ಅಲ್ಲಿರುವಂತಾದರೆ ನಿಮ್ಮ ಪುಣ್ಯ. ಅಂದು ಸಾಂತ್ ಜೋರ್ದಿ ಹಬ್ಬ. ಬೀದಿ ಬೀದಿಯಲ್ಲಿ ಗುಲಾಬಿ ಮತ್ತು ಪುಸ್ತಕದ ಅಂಗಡಿ, ಪ್ರೀತಿಪಾತ್ರರಿಗೆ ಎರಡನ್ನೂ ಕೊಡುವ ರೂಢಿ.

ಒಂದು ಮಾತು. ಪ್ರವಾಸಿಗಳು ಹೆಚ್ಚಾಗಿ ಬಾಡಿಗೆ ಏರಿತೆಂದು ಊರಿನವರಿಗೆ ಬೇಸರವಿದೆ. 2024ರ ಜುಲೈನಲ್ಲಿ ಮೆರವಣಿಗೆ ಹೋಗಿ ಪ್ರವಾಸಿಗಳಿಗೆ ಆಟದ ಪಿಚಕಾರಿಯಿಂದ ನೀರು ಹಾರಿಸಿದ್ದೂ ಉಂಟು. ನಗುಮೊಗದ ಒಂದು "ಬೋನ್ ದಿಯಾ" ಹೇಳಿ ಒಳಗೆ ಹೋಗಿ. ಅದು ಅವರ ಕತಲಾನ್ ಭಾಷೆಯ ನಮಸ್ಕಾರ. ಮುಖ ಅರಳುವುದನ್ನು ನೀವೇ ನೋಡುವಿರಿ.

ಮಗಳಿಗೂ ಒಂದು ಮಾತು

ಅಮ್ಮ ಬಂದ ಮೊದಲ ಶನಿವಾರ ದೂರದ ಜಾಗಕ್ಕೆ ಕರೆದೊಯ್ಯಬೇಡಮ್ಮ. ಮನೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ ಎರಡು ಸಲ ನಡೆಸು. ಎರಡನೇ ಸಲ ಅವರು ಮುಂದೆ, ನೀನು ಹಿಂದೆ. ಒಂದು ಸಲ ಟಿಕೆಟ್ಟನ್ನು ಅವರ ಕೈಯಲ್ಲೇ ತೆಗೆಸು. ಸೋಮವಾರ ಬೀಗದ ಕೈ ಕೊಟ್ಟು ನೀನು ಕೆಲಸಕ್ಕೆ ಹೋಗು. ಗಂಟೆಗೊಮ್ಮೆ ಫೋನ್ ಮಾಡಿ ಗಾಬರಿಗೊಳಿಸಬೇಡ. ಮಗುವಿಗೆ ಶಾಲೆಯ ದಾರಿ ಕಲಿಸಿದವರು ಅವರು. ಈಗ ಕಲಿಸುವ ಸರದಿ ನಿನ್ನದು.

ಕತ್ತರಿಸಿ ಇಟ್ಟುಕೊಳ್ಳಿ

ಸೊಯ್ ವೆಹೆತಾರಿಯಾನಾ: ನಾನು ಸಸ್ಯಾಹಾರಿ
ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೋ, ಸಿನ್ ಅತೂನ್: ಮಾಂಸ, ಹಂದಿ, ಮೀನು, ಟ್ಯೂನಾ ಬೇಡ
ಸಿನ್ ವೇವೋ: ಮೊಟ್ಟೆ ಬೇಡ
ಎಲ್ ಉಲ್ತಿಮೋ?: ಕೊನೆಯವರು ಯಾರು?
ಕ್ವಾಂತೋ ಎಸ್?: ಎಷ್ಟು?
ಎಲ್ ಬಾನ್ಯೋ?: ಶೌಚಾಲಯ ಎಲ್ಲಿ?
ಗ್ರಾಸಿಯಸ್: ಧನ್ಯವಾದ

ಈ ಸಂಚಿಕೆಯ ರುಚಿ: ಟೊಮೇಟೊ ಬ್ರೆಡ್ಡು

ಬಾರ್ಸಿಲೋನಾದ ಮನೆಮನೆಯ ತಿಂಡಿ ಪಾಂಬ್ ತೊಮಾಕೆತ್. ಹೋಗುವವರು ಅಲ್ಲಿ ಕೇಳಿ ತಿನ್ನಿ, ಹೋಗದವರು ಇಲ್ಲೇ ಮಾಡಿ.

ಬೇಕಾಗುವುದು: ಸಿಹಿಯಿಲ್ಲದ ಗಟ್ಟಿ ಬ್ರೆಡ್ಡಿನ ದಪ್ಪ ಹೋಳು 4, ಚೆನ್ನಾಗಿ ಕಳಿತ ಟೊಮೇಟೊ 2, ಬೆಳ್ಳುಳ್ಳಿ 1 ಎಸಳು (ಬೇಕಿದ್ದರೆ), ಉಪ್ಪು, ಆಲಿವ್ ಎಣ್ಣೆ.

ವಿಧಾನ: ಬೇಕರಿಯಿಂದ ಕತ್ತರಿಸದ ಬ್ರೆಡ್ಡು ತನ್ನಿ, ಹಿಂದಿನ ದಿನದ್ದಾದರೆ ಇನ್ನೂ ಒಳ್ಳೆಯದು. ಹೋಳುಗಳನ್ನು ಕಾವಲಿಯ ಮೇಲೆ ಎರಡೂ ಬದಿ ಗರಿಗರಿಯಾಗುವಂತೆ ಸುಡಿ. ಬೆಳ್ಳುಳ್ಳಿಯನ್ನು ಮೆಲ್ಲಗೆ ಉಜ್ಜಿ. ಟೊಮೇಟೊವನ್ನು ಅಡ್ಡಲಾಗಿ ಎರಡು ಹೋಳು ಮಾಡಿ ಬ್ರೆಡ್ಡಿನ ಮೇಲೆ ಗಟ್ಟಿಯಾಗಿ ತಿಕ್ಕಿ. ತಿರುಳೆಲ್ಲ ಇಳಿದು ಕೈಯಲ್ಲಿ ಸಿಪ್ಪೆ ಉಳಿಯಬೇಕು. ಮೇಲೆ ಉಪ್ಪು ಉದುರಿಸಿ, ಒಂದು ಚಮಚ ಎಣ್ಣೆ ಹನಿಸಿ ಕೂಡಲೇ ತಿನ್ನಲು ಕೊಡಿ. ತಡ ಮಾಡಿದರೆ ಮೆತ್ತಗಾಗುತ್ತದೆ.